ಸಂಜೀ ಮಗ್ಗಿ

...ಅಯ್ಯ, ಏಳ್ರಿ ಅಂತ ಎಲ್ಲಿ ಅಂದ್ನಿ ಪ್ರಭುಲಿಂಗಪ್ಪ ಕಾಕಾರ? ಹೊತ್ತಾತು, ಕಾಕು ದಾರೀ ನೋಡ್ತಿರ್ತಾಳ ಅಂದ್ನಿ, ಅಷ್ಟ. ಕುಂದ್ರಿ, ಕುಂದ್ರಿ. ಎಸ್‌ಡಿಎಂಸಿ ಅಧ್ಯಕ್ಷರು ನೀವು, ನಿಮ್ಮನ್ನ ಏಳ್ರಿ ಅನ್ನಾಕ ನಾ ಯಾರು? ಬರೇ ಹೆಡ್ ಅಕ್ಕೋರು! ...ಯಾಕ ನಗ್ತೀರಿ?

ಆದ್ರೂ ಪಾಪ, ಈ ಸುಶ್ಮಿತಾನ್ನ ನೋಡ್ರಿ. ರಾಣೆಬೆನ್ನೂರಿಗೆ ಕರಕೊಂಡು ಹೋಗಿ ಹಲ್ಲ ಕೀಳಿಸಿಕೊಂಡು ಬಂದೀರಿ, ಬಾಯಾಗ ಇನ್ನೂ ಹತ್ತಿ ಐತಿ... ಬಸ್ ಇಳದಾವ್ರು ಮೊಮ್ಮಗಳನ್ನ ಮನೀಗೆ ಬಿಡೂದು ಬಿಟ್ಟು ಸೀದಾ ಸಾಲೀಗೆ ಬಂದ್ರ ಹೆಂಗ? ನೋವಾಕತ್ತೈತೇನವಾ? ನೋಡ್ರಿ, ಹೂಂ ಅಂದ್ಲು. ...ಊಹೂಂ ಅಂದ್ಲಾ? ಬಾಯಾಗ ಹತ್ತಿ ಇದ್ರ ಎರಡೂ ಒಂದ ಕೇಳಿಸ್ತಾವ್ರಿ!

ಹೂಂ, ನಾಳಿನ ಸಾಲೀ ಕಮಿಟಿ ಮೀಟಿಂಗು. ಹೇಳ್ರಿ. ...ಹೌದ್ರಿ. ...ಹೌದು. ...ಯಾರು, ಪರಮೇಶಪ್ಪ? ಇಂಗ್ಲಿಷ್ ಕ್ಲಾಸು ಬಂದ ಮ್ಯಾಲ ಸಾಲಿ ನಮ್ಮದಾಗಿ ಉಳದಿಲ್ಲ, ಆ ಕ್ಲಾಸು ಬಂದ್ ಮಾಡಸ್ರಿ ಅಂದನಾ? ಅಲ್ರಿ, ಅವನ ಮೊಮ್ಮಕ್ಕಳು ಇಬ್ಬರೂ ದಿನಾ ಹಳದಿ ವ್ಯಾನ್ ಹತ್ತಿ ರಾಣೆಬೆನ್ನೂರಿನ ಇಂಗ್ಲಿಷ್ ಸಾಲೀಗೆ ಹೊಕ್ಕಾವ! ಬ್ಯಾಡಗಿ ಕಾಯಿ ಹೊಗಳಕೋತ ಮನ್ಯಾಗ ಗುಂಟೂರ ಕಾಯಿ ಕುಟ್ಟಿಸಿದಂಗಾತು ಇದು. ನಗ್ರಿ, ನಗ್ರಿ. ಮೆಣಸಿನಕಾಯಿ ವ್ಯಾಪಾರದಾವ್ರು ನೀವು, ನಿಮಗ ಲಗೂ ತಿಳೀತೈತಿ.

ಖರೇ ಹೇಳ್ತೇನಿ ಕಾಕಾ. ಇಂಗ್ಲಿಷ್ ಬರೂಕಿಂತ ಮದಲ ಒಂದನೇ ಕ್ಲಾಸು ಹೆಂಗಿತ್ತು, ನೆನಪೈತೇನು? ಬೆಂಚಿಗೊಬ್ಬ ಹುಡುಗನೂ ಇರಲಿಲ್ಲ. ಈಗ ಹಲಗೇರಿ ಕಡೀಂದನೂ ಬರಾಕತ್ತಾವ. ವ್ಯಾನ್ ಡ್ರೈವರ್ ಹಜರತಅಲಿ ನನ್ನ ಕಂಡ್ರ ಮಾರೀ ತಿರುವ್ಯಾನ! ಬಂದ್ ಮಾಡಿದ್ರ ಇಷ್ಟೂ ಹುಡುಗ್ರು ಮತ್ತ ಅವನ ವ್ಯಾನೇ ಹತ್ತತಾವ. ಆಮ್ಯಾಲ ನಮ್ಮದು, ನಮ್ಮದು ಅಂತ ಖಾಲೀ ಗ್ವಾಡಿ ತೆಕ್ಕೀ ಬಡಕೊಂಡು ಕುಂದ್ರೋಣು.

ಮತ್ತ ನಿಮ್ಮ ಷರತ್ತು? ಮರತಿಲ್ರಿ! 'ಪುಷ್ಪಲತಾ, ಇಂಗ್ಲಿಷ್ ತಾ, ಕಂಪ್ಯೂಟರ್ ತಾ, ಏನ ಬೇಕಾದ್ದು ತಾ. ಸಂಜೀ ಮಗ್ಗಿ ಮಾತ್ರ ನಿಂದ್ರಬಾರದು' ಅಂದಿದ್ರಿ. ಸಾಲಿ ಬಿಡೂಮುಂದ ಹುಡುಗ್ರೆಲ್ಲಾ ಪಡಸಾಲ್ಯಾಗ ಸಾಲಾಗಿ ನಿಂತು ಮಗ್ಗಿ ಒದರಿದ್ರ ಅಗಸೀತನಕ ಕೇಳಬೇಕು. ನಿಮ್ಮಪ್ಪ ಒದರಿದ್ದು, ನೀವು ಒದರಿದ್ದು, ನಾನೂ ಎರಡು ಜಡಿ ಹಾಕ್ಕೊಂಡು ಇದ ಪಡಸಾಲ್ಯಾಗ ಒದರಿದ್ದು. ಮಗ್ಗಿ ಕೇಳಿದ ಮ್ಯಾಲ ಅಲ್ಲೇನು ಕರಿಯವ್ವ ಎಮ್ಮೀ ಹಿಂಡಾಕ ಏಳೂದು? ...ಮತ್ತ! ದಿನಾ ಕಟ್ಟೀ ಮ್ಯಾಲ ಕುಂತು ಕೇಳ್ತೀರಲ್ರಿ, ಒಂದ ದಿನಾರ ತಪ್ಪೈತೇನು? ಅದನ್ನ ನಾಳೆ ಮೀಟಿಂಗ್‌ನ್ಯಾಗ ಹೇಳ್ರಿ. ಹೊಸಾದು ಬಂದೈತಿ, ಹಳೇದು ಹೋಗಿಲ್ಲ. ಮುಗೀತು! ಹೂಂ, ಏಳ್ರಿ ಈಗ.

...ಇಲ್ಲೇ ಕುಂತು ಕೇಳಿ ಹೊಕ್ಕೀರಾ?

ಅಯ್ಯ, ಬ್ಯಾಡ್ರಿ! ದೂರದ ಗುಡ್ಡ ನುಣ್ಣಗ ಅಂತಾರಲ್ರಿ, ಮಗ್ಗೀನೂ ಹಂಗ, ದೂರಿಂದನ ಚಂದ. ಹತ್ರ ಕುಂತ್ರ ಕಿವಿ ಗುಂಯ್ ಅಂತಾವ. ...ಹುಡುಗ್ರಾ? ಕಂಪ್ಯೂಟರ್ ಖೋಲ್ಯಾಗ ಅದಾರ. ಬರ್ತಾರ, ಈಗ ಬರ್ತಾರ. ಬಾಗಲಾ ಯಾಕ ಹಾಕೇವಿ ಅಂದ್ರ... ನಾಯಿ ಒಳಗ ಬರ್ತಾವ್ರಿ, ಅದಕ್ಕ.

ಒಂದ ನಿಮಿಷ ಕಾಕಾ, ಕಂಪ್ಯೂಟರ್ ಕಲಸೂ ಮಾಲತೇಶ ಸರ್‌ಗೆ ಒಂದ ಮಾತ ಹೇಳಿ ಬಂದ್ನಿ... ಹೋಗಬಾರದಾ? ಇಲ್ಲೇ ನಿಂತ್ನಿ ತಗೋರಿ. ಇಲ್ಲಿಂದನ ಹೇಳ್ತೇನಿ. ಸರ್! ಮಾಲತೇಶ ಸರ್! ಇವತ್ತ ಅದು ಬ್ಯಾಡ್ರಿ! ...ಏನಿಲ್ಲ ಕಾಕಾ, ಚಾ. ಚಾ ಬ್ಯಾಡ ಅಂದ್ನಿ. ಸರ್, ಬ್ಯಾ...

ಹಚ್ಚೇ ಬಿಟ್ಟ.

...ಹದಿಮೂರೊಂದ್ಲೆ ಹದಿಮೂರು. ಹೂಂ. ಚಂದ ಹೇಳಾಕತ್ತಾರಲ್ರಿ? ...ಪಡಸಾಲಿ ಖಾಲಿ ಐತಿ, ಖರೇ. ಒಳಗ ಕುಂತ ಹೇಳ್ತಾರ, ಹೊಸಾ ಪದ್ಧತಿ... ಮ್ಯಾಲ ಯಾಕ ನೋಡ್ತೀರಿ? ಅದು ಪ್ರಾರ್ಥನಾಕ ಹಾಕಿಸಿದ ಸ್ಪೀಕರ್ರಿ. ಏ ಸುಶ್ಮಿತಾ, ನಗಬ್ಯಾಡವಾ, ಹತ್ತಿ ಬೀಳತೈತಿ! ...ಹೌದ್ರಿ. ಎಲ್ಲಾರಿಗಿಂತ ಮುಂದ ಹೇಳೂ ಧ್ವನಿ ಸುಶ್ಮಿತಾಂದ ಕೇಳಾಕತ್ತೈತಿ. ಹೌದ್ರಿ, ಸುಶ್ಮಿತಾ ನಿಮ್ಮ ಬಾಜೂಕ ಬಾಯಿ ಮುಚ್ಚಿಕೊಂಡು ಕುಂತಾಳ.

...ಬೈರಿ ಕಾಕಾ. ಬೈದು ಬಿಡ್ರಿ.

ರೆಕಾರ್ಡ್ ಐತಿ. ಹೋದ ದೀಪಾವಳಿಯಿಂದ ದಿನಾ ಇದನ್ನ ಹಚ್ಚತೇವಿ. ಏನ ಮಾಡ್ಲಿರಿ? ಕಂಪ್ಯೂಟರ್ ಕಲಸಾಕ ಸಂಜೀಕಡೆ ಬಿಟ್ರ ಬ್ಯಾರೆ ಹೊತ್ತಿಲ್ಲ. ಹುಡುಗ್ರನ್ನ ಕೇಳಿದ್ನಿ: ಮಗ್ಗಿ ಬೇಕಾದವ್ರು ಪಡಸಾಲ್ಯಾಗ ನಿಂದರ್ರಿ, ಕಂಪ್ಯೂಟರ್ ಬೇಕಾದವ್ರು ಒಳಗ ಹೋಗ್ರಿ. ಪಡಸಾಲ್ಯಾಗ ನಾ ಒಬ್ಬಾಕೇ ಉಳದ್ನಿ. ಎಲ್ಲಾರಿಗಿಂತ ಮುಂದ ಓಡಿದಾಕಿ ಯಾರು ಅಂತೀರಿ? ಈಕಿ! ...ಕೆಳಗ ಮಾರಿ ಹಾಕಬ್ಯಾಡವಾ, ನಿಂದೇನ ತಪ್ಪು.

ನಿಮಗ ಖರೇ ಹೇಳಿದ್ರ ನೀವು ಕ್ಲಾಸೇ ಬಂದ್ ಮಾಡಸ್ತಿದ್ರಿ. ಅದಕ್ಕ... ನಿಮ್ಮ ಕಿವೀ ಸಲುವಾಗಿ ಮಾಡಿದ್ನಿ ಕಾಕಾ. ಬರೇ ನಿಮ್ಮ ಕಿವೀ ಸಲುವಾಗಿ. ನನಗೇನ ಬೇಕಾಗೈತ್ರಿ ಮಗ್ಗಿ? ಹೊಸಾದು ತಂದಾಕೇ ನಾನು!

...ಏನಂದ್ರಿ? ಐತವಾರಾ?

ಐತವಾರ ಸಾಲಿ ಸೂಟಿ ಇರತೈತಲ್ರಿ. ನೀವೂ ಬ್ಯಾಡಗಿಗೆ ಮದಿವಿಗೆ ಹೋಗಿದ್ರಿ, ಊರಾಗೇ ಇರಲಿಲ್ಲ. ...ಕಾಕು ಅಂದ್ಲಾ? ಮಗ್ಗಿ ಕೇಳಿಸ್ತು ಅಂತ? ಅದು ಕಾಕುನ ಭ್ರಮಾ ಇರಬೇಕು. ...ಕರಿಯವ್ವನೂ ಎಮ್ಮೀ ಹಿಂಡಾಕ ಎದ್ಲಾ?

ಹಂಗಾದ್ರ ಮಾಲತೇಶ ಸರ್... ಹೌದ್ರಿ, ಅವ್ರು ಶನಿವಾರನ ಹಾವೇರಿಗೆ ಹೊಕ್ಕಾರ, ಸೋಮವಾರನ ಬರೂದು. ಹಂಗಾದ್ರ ತಾನ ಚಾಲೂ ಆಗಿರಬೇಕು. ಮಶಿನ್ ಅಲ್ಲೇನ್ರಿ, ಒಮ್ಮೊಮ್ಮೆ ತಾನ...

ಹಂಗ ನೋಡಬ್ಯಾಡ್ರಿ ಕಾಕಾ.

ಏನರ ಅನ್ರಿ. ಹುಡುಗ್ರು ಇಲ್ಲದಾಗ, ನೀವೂ ಇಲ್ಲದಾಗ, ಬೀಗಾ ತಗದು ಒಳಗ ಬಂದು ಹಚ್ಚಿದಾಕಿ ಯಾರು, ಯಾರ ಕಿವೀ ಸಲುವಾಗಿ ಹಚ್ಚಿದ್ಲು ಅಂತ ಕೇಳ್ರಿ. ...ಕೇಳಿ ಬಿಡ್ರಿ!

ಕೇಳಂಗಿಲ್ಲ ನೀವು.

ಮತ್ತ... ನಾಳೆ ಕ್ಲಾಸು ಬಂದ್ ಮಾಡಸ್ತೀರೇನು? ...ತಲಿ ಅಲ್ಲಾಡಿಸಿದ್ರಲ್ಲ, ಇಲ್ಲ ಅಂತನ ಹೌದಲ್ರಿ? ಬಾಜೂಕ ಯಾಕ ಸರದ್ರಿ? ...ನನಗ ಜಾಗಾನಾ?

ಕುಂದರ್ತೇನಿ ತಗೋರಿ. ಹದಿನಾರರ ಮಗ್ಗಿ ಮುಗಿಯೂತನಕ, ಅಷ್ಟ.