ವಿಳಾಸದ ಮಗ್ಗುಲು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ಇಬ್ಬರಿಗೂ ತಲೆ ನರೆತಿತ್ತು.

"ಕೀಮೋ ಮಾಡಿದ್ರೆ ಕೂದಲು ಉದುರತ್ತಾ ಅಂತ ಡಾಕ್ಟರಿಗೆ ಮಾತ್ರ ಮೇಲ್ ಮಾಡಿದ್ದೆ ಕಣೋ. ಮಾರನೇ ದಿನ ಮೇಲ್ ತೆಗೆದ್ರೆ ಪಕ್ಕದಲ್ಲೇ ವಿಗ್ ಜಾಹೀರಾತು. ಮಗಳು ಇಣುಕಿ, ‘ಯಾರಿಗಮ್ಮಾ ವಿಗ್ಗು?’ ಅಂದ್ಳು. ಅವಳಿಗಿನ್ನೂ ಹೇಳೇ ಇಲ್ಲ."

"ಬಿಟ್ಟಿ ಮೇಲ್ ಅಲ್ವಾ ಅಕ್ಕ. ಕಂಡವರ ಕಾಗದ ಓದೋದೇ ಅವರ ಕಸುಬು."

"ಅಪ್ಪ ಮೂವತ್ತು ವರ್ಷ ಅಂಚೆ ಹಂಚಿದ್ರು. ಒಂದು ಕಾರ್ಡಾದ್ರೂ ತಿರುಗಿಸಿ ಓದಿದ್ರಾ?"

"ಯಾವಾಗ್ಲೂ ವಿಳಾಸದ ಮಗ್ಗುಲೇ ಮೇಲೆ. ನೀನು ಹಾಸ್ಟೆಲಿಂದ ಬರೆದದ್ದನ್ನೂ ಹಾಗೇ ತಂದು ಅಮ್ಮನ ಕೈಗಿಟ್ಟು, ‘ಏನಂತೆ ಮಗಳು?’ ಅಂತ ನಿಂತಿರೋರು."

"ಕಾರ್ಡು ಅಮ್ಮನ ಹೆಸರಿಗಿತ್ತಲ್ಲ, ಪಾಪ."

ಇಬ್ಬರೂ ನಕ್ಕರು.

"ಮೇಲ್‌ಗೆ ಬೇರೆ ಕಂಪನಿ ಒಂದಿದೆ ಅಕ್ಕ. ಬೀಗದ ಕೈ ನಿನ್ನ ಹತ್ರ ಮಾತ್ರ, ಅವರಿಗೂ ಓದಕ್ಕಾಗಲ್ಲ. ಪಾಸ್‌ವರ್ಡ್ ಮರೆತ್ಯೋ, ನಿನಗೂ ಆಗಲ್ಲ."

"ಅಪ್ಪನಷ್ಟೇ ಹಟಮಾರಿ ಅನ್ನು. ಅದೇ ಇರಲಿ."

"ಸಂಜೆ ಬಂದು ಹಾಕಿಕೊಡ್ಲಾ?"

"ನಾಳೆ ಬಾ. ಸಂಜೆ ಮಗಳನ್ನ ಕೂರಿಸ್ಕೊಂಡು ನಾನೇ ಹೇಳ್ತೀನಿ. ವಿಗ್ ಅಂಗಡಿಯವನು ಹೇಳೋದು ಬೇಡ."

ನರ್ಸ್ ನಂಬರು ಕೂಗಿದರು. ತಮ್ಮ ಅವಳ ಚೀಲ ಎತ್ತಿಕೊಂಡ. ಇಬ್ಬರೂ ಒಳಗೆ ಹೋದರು.