ಹೆಗಲ ಮೇಲಿನ ಕೈ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಮಧುಗಿರಿ, ಕೊರಟಗೆರೆ, ಪಾವಗಡದಿಂದ ಮೊದಲ ಬಸ್ಸಿಗೇ ಹೊರಟು ನಮ್ಮ ಶಿರಾಕ್ಕೆ ಬಂದಿರುವ ಮಾಜಿ ಸೈನಿಕರೇ, ಅವರನ್ನು ಒಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ಜೊತೆಗೆ ಬಂದಿರುವ ಮನೆಯವರೇ, ಸಭಿಕರೇ,

ಐವತ್ತು ವರ್ಷ ‘ಅಲುಗಾಡಬೇಡಿ, ಇಲ್ಲಿ ನೋಡಿ’ ಎಂದು ಊರಿಗೆಲ್ಲ ಹೇಳಿದವನು ನಾನು. ಇವತ್ತು ನೀವೆಲ್ಲ ನನ್ನನ್ನೇ ನೋಡುತ್ತಿದ್ದೀರಿ, ಅಲುಗಾಡುತ್ತಿರುವವನು ನಾನು. ಅಧ್ಯಕ್ಷರು ನನಗೆ ಕೊಟ್ಟಿರುವುದು ಹತ್ತು ನಿಮಿಷ. ನನ್ನ ಪರಿಚಯ ಓದುವುದಕ್ಕೇ ಹನ್ನೆರಡು ನಿಮಿಷ ಹಿಡಿಯಿತು. ‘ಸ್ಟುಡಿಯೋ ನಿಯಾಜ್ ಅಹಮದ್ ಅವರು ಯುದ್ಧದ ಫೋಟೋಗಳನ್ನು ಕಾಪಾಡಿ ಉಳಿಸಿದರು’ ಎಂದು ಅದರಲ್ಲಿ ಒಂದು ಮಾತಿತ್ತು. ಈ ಶಾಲು ಬಂದದ್ದು ಆ ಮಾತಿಗೆ. ಅದನ್ನು ಸ್ವಲ್ಪ ತಿದ್ದಬೇಕಾಗಿದೆ. ತಿದ್ದುವುದೇ ನನ್ನ ಕಸುಬಲ್ಲವೇ?

ಹೊರಗೆ ನಲವತ್ತು ಫೋಟೋಗಳಿವೆ. ಎಪ್ಪತ್ತೊಂದರ ಯುದ್ಧದಲ್ಲಿ ಪಾವಗಡ ಕಡೆಯ ನಿಡುಗಲ್ಲಿನ ದೊಡ್ಡಹನುಮಯ್ಯನವರ ಚಿಕ್ಕ ಕ್ಯಾಮೆರಾದಲ್ಲಿ ತೆಗೆದವು. ಸರ್ಕಾರ ತೆಗೆಸಿದ ಫೋಟೋಗಳಲ್ಲಿ ಟ್ಯಾಂಕು, ಬಾವುಟ ಇರುತ್ತವೆ. ಇವುಗಳಲ್ಲಿ ಏನಿದೆ? ಬಾಟಲಿಯಲ್ಲಿ ಚಪಾತಿ ಲಟ್ಟಿಸುವ ಸಿಪಾಯಿ ಇದ್ದಾನೆ. ಟೆಂಟಿನ ಹಗ್ಗದ ಮೇಲೆ ಕಾಲುಚೀಲ ಒಣಗುತ್ತಿವೆ. ಒಬ್ಬನಿಗಂತೂ ತಲೆಯೇ ಬಂದಿಲ್ಲ. ಕಸುಬಿನ ಕಣ್ಣಿಗೆ ಒಂದೂ ಸರಿಯಿಲ್ಲ. ಆದರೂ ಬೆಳಗಿನಿಂದ ಜನ ಅವುಗಳ ಮುಂದಿನಿಂದ ಕದಲುತ್ತಿಲ್ಲ. ಯಾಕೆ? ಅವನ್ನು ಯಾರೂ ತಿದ್ದಿಲ್ಲ, ಅದಕ್ಕೆ. ಒಂದನ್ನು ಬಿಟ್ಟು.

ಹದಿನೇಳನೇ ನಂಬರಿನ ಜಾಗದಲ್ಲಿ ಬರೀ ಮೊಳೆ ಇದೆ, ಗಮನಿಸಿದಿರಾ?

ಯುದ್ಧ ಮುಗಿದ ಮೇಲೆ ದೊಡ್ಡಹನುಮಯ್ಯನವರು ಕಾಲಿಗೆ ಗುಂಡು ತಗುಲಿ ಆಸ್ಪತ್ರೆಯಲ್ಲಿದ್ದರು. ರಜೆಗೆ ಬಂದ ಇನ್ನೊಬ್ಬ ಸಿಪಾಯಿಯ ಕೈಯಲ್ಲಿ ಎರಡು ರೀಲು ನಮ್ಮ ಅಂಗಡಿಗೆ ಬಂದವು. ಅವುಗಳ ಜೊತೆ ಒಂದು ಚೀಟಿ: ಚನ್ನಮಲ್ಲಯ್ಯನ ಫೋಟೋ ಅವರ ಮನೆಗೆ ಕೊಡುವುದು. ಚನ್ನಮಲ್ಲಯ್ಯ ಕಳ್ಳಂಬೆಳ್ಳದವರು. ಆ ಯುದ್ಧದಿಂದ ಅವರು ಹಿಂದಿರುಗಲಿಲ್ಲ. ಅವರ ತಂದೆ ಬಂದು, ಫೋಟೋ ನೋಡುವ ಮೊದಲೇ, ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ ಎಂದರು.

ಫೋಟೋದಲ್ಲಿ ಇಬ್ಬರಿದ್ದರು. ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ದೊಡ್ಡಹನುಮಯ್ಯನವರೂ ಪಕ್ಕದಲ್ಲಿ ನಿಂತು, ಗೆಳೆಯನ ಹೆಗಲ ಮೇಲೆ ಎಡಗೈ ಹಾಕಿದ್ದರು. ನಮ್ಮ ಅಬ್ಬಾ ಅವರದು ಒಂದು ಕಾನೂನು: ಹಾರ ಹಾಕುವ ಫೋಟೋದಲ್ಲಿ ಬದುಕಿರುವವರ ಒಂದು ಬೆರಳೂ ಇರಬಾರದು. ನಾನು ಚನ್ನಮಲ್ಲಯ್ಯನವರನ್ನು ಮಾತ್ರ ಉಳಿಸಿ ದೊಡ್ಡದು ಮಾಡಿದೆ. ಹೆಗಲ ಮೇಲೆ ನಾಲ್ಕು ಬೆರಳು ಉಳಿದವು. ಬ್ರಷ್ಷಿನಲ್ಲಿ ಅವನ್ನು ಯೂನಿಫಾರ್ಮಿನ ಬಣ್ಣಕ್ಕೆ ತಂದೆ. ಮೂರು ಬೆರಳು ಬೇಗ ಹೋದವು. ಕಿರುಬೆರಳು ಸೊಟ್ಟಗೆ ಕಾಲರಿನ ಮೇಲೆ ಚಾಚಿತ್ತು, ಅದೊಂದಕ್ಕೇ ಅರ್ಧ ದಿನ ಹಿಡಿಯಿತು. ಅಬ್ಬಾ ನೋಡಿ, ‘ಶಾಬಾಶ್ ಬೇಟಾ, ಉಸ್ತಾದ್ ಆದೆ’ ಎಂದರು. ಆಗ ನನಗೆ ಇಪ್ಪತ್ತು ವರ್ಷ. ಅದಕ್ಕಿಂತ ದೊಡ್ಡ ಸನ್ಮಾನ ಇವತ್ತಿನವರೆಗೆ ನನಗೆ ಆಗಿಲ್ಲ. ಅಧ್ಯಕ್ಷರು ಬೇಸರಪಡಬಾರದು.

ವರ್ಷ ದಾಟಿದ ಮೇಲೆ ಒಂದು ಶುಕ್ರವಾರ ಅಬ್ಬಾ ನಮಾಜಿಗೆ ಹೋಗಿದ್ದಾಗ, ಕುಂಟುತ್ತಾ ಒಬ್ಬರು ಅಂಗಡಿಗೆ ಬಂದರು. ಸಿಟ್ಟು ಬಂದರೆ ಪಾವಗಡದವರ ಬಾಯಲ್ಲಿ ತೆಲುಗು ಮೊದಲು ಬರುತ್ತದೆ. ‘ನಾ ಚೆಯ್ಯಿ ಏದಯ್ಯಾ?’ ಎಂದರು. ಆಮೇಲೆ ಕನ್ನಡದಲ್ಲಿ, ‘ನನ್ ಕೈ ಎಲ್ಲಯ್ಯಾ?’

ದೊಡ್ಡಹನುಮಯ್ಯನವರು ಕಳ್ಳಂಬೆಳ್ಳದಿಂದ ನೇರವಾಗಿ ಬಂದಿದ್ದರು. ಅಲ್ಲಿ ಗೆಳೆಯನ ಹೆಂಡತಿಗೆ ಒಂದು ಮಾತು ಮುಟ್ಟಿಸಬೇಕಿತ್ತು. ಪ್ರಾಣ ಹೋಗುವ ಮುಂಚೆ ಚನ್ನಮಲ್ಲಯ್ಯ ಹೇಳಿದ್ದ ಮಾತು: ‘ಸಿದ್ದಗಂಗ ಎಸ್ಸೆಸ್ಸೆಲ್ಸಿ ಪಾಸಾಗವ್ಳೆ. ಮನೇಲಿ ಕೂರುಸ್ಬ್ಯಾಡಿ, ಟೀಚರ್ ಟ್ರೈನಿಂಗಿಗೆ ಕಳ್ಸಿ.’ ಸಿದ್ದಗಂಗಮ್ಮನವರ ಮಾವ ನಂಬಲಿಲ್ಲ. ಹರೆಯದ ಸೊಸೆ, ಗುರುತಿಲ್ಲದ ಗಂಡಸು. ‘ನೀನು ಅವನ ಗೆಣೆಕಾರ ಅನ್ನಕ್ಕೆ ಏನ್ಲಾ ಗ್ಯಾರಂಟಿ?’ ಎಂದರು. ಇವರು ಗೋಡೆ ತೋರಿಸಿ, ‘ಆ ಫೋಟೋದಾಗೆ ಅವನ ಹೆಗಲ ಮ್ಯಾಲೆ ನನ್ ಕೈ ಐತೆ, ನೋಡಿ’ ಎಂದರು. ಮಾವನವರು ಹಾರ ಸರಿಸಿ ನೋಡಿದರು. ‘ಎಲ್ಲೈತ್ಲಾ ಕೈ? ಸುಳ್ಳು ಹೇಳಕ್ಕೆ ಬಂದ್ಬುಟ್ಟ’ ಎಂದು ಹೊರಗೆ ಕಳಿಸಿದರು.

‘ಅಸಲಿ ಫೋಟೋ ಒಂದು ಕೊಡು ಸಾಬಿ, ತೋರಿಸ್ಬುಟ್ಟು ಬತ್ತೀನಿ’ ಎಂದು ನನ್ನನ್ನು ಕೇಳಿದರು.

ಸಭಿಕರೇ, ನೆಗೆಟಿವ್ ನನ್ನ ಮೊಣಕಾಲಿನ ಪಕ್ಕದ ಡ್ರಾಯರಿನಲ್ಲೇ, ಬಿಸ್ಕತ್ತಿನ ಡಬ್ಬಿಯೊಳಗೆ ಇತ್ತು. ಕೊಟ್ಟಿದ್ದರೆ ಏನಾಗುತ್ತಿತ್ತು? ಸತ್ತವರ ಫೋಟೋ ತಿದ್ದುವ ಅಂಗಡಿ ಎಂದು ನಾಲ್ಕು ಜನ ಆಡಿಕೊಳ್ಳುತ್ತಿದ್ದರು. ಅಬ್ಬಾ ಬೈಯುತ್ತಿದ್ದರು. ಅಷ್ಟೇ. ಅಷ್ಟಕ್ಕೇ ಹೆದರಿ ನಾನು, ‘ಕೈ ಇರಲಿಲ್ಲ ಭಾಯಿ. ನೆಗೆಟಿವ್ ನೀರು ಬಿದ್ದು ಹಾಳಾಯ್ತು’ ಎಂದೆ. ಅವರು ತಮ್ಮ ಎಡಗೈಯನ್ನೇ ಒಂದು ಸಲ ನೋಡಿಕೊಂಡು ಹೊರಟುಹೋದರು.

ಮದುವೆಯಾದ ಮೇಲೆ ಹೆಂಡತಿ ಮಹಜಬೀನ್‌ಗೆ ಹೇಳಿದೆ. ‘ಎಸೀರಿ, ಇಲ್ಲ ಕೊಡ್ರಿ. ಬಚ್ಚಿಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀರಾ?’ ಎಂದಳು. ಎಸೆಯಲೂ ಇಲ್ಲ, ಕೊಡಲೂ ಇಲ್ಲ. ನನ್ನ ‘ಕಾಪಾಡಿ ಉಳಿಸಿದ್ದು’ ಎಂದರೆ ಇದು.

ಸಿದ್ದಗಂಗಮ್ಮನವರು ಟ್ರೈನಿಂಗಿಗೆ ಹೋಗಲಿಲ್ಲ. ಮೂವತ್ತು ವರ್ಷ ಹೊಲದ ಕೂಲಿ ಮಾಡಿದರು. ಕೊನೆಗೆ ಅವರು ಶಾಲೆಯೊಳಗೆ ಕಾಲಿಟ್ಟದ್ದು ಬಿಸಿಯೂಟದ ಅಡುಗೆಯವರಾಗಿ. ನನ್ನ ಬ್ರಷ್ಷು ಅಳಿಸಿದ್ದು ಬರೀ ನಾಲ್ಕು ಬೆರಳೇ?

ಹೋದ ತಿಂಗಳು ಈ ಪ್ರದರ್ಶನಕ್ಕೆಂದು ಕಾಲೇಜಿನ ಮಾನಸ ಮೇಡಂ ನನ್ನ ಡಬ್ಬಿ ತೆಗೆಸಿದರು. ಪ್ರಿಂಟು ಹಾಕಿಸಿಕೊಂಡು ನಾನೇ ನಿಡುಗಲ್ಲಿಗೆ ಹೋದೆ. ದೊಡ್ಡಹನುಮಯ್ಯನವರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನಂಗ್ಯಾಕೆ ತೋರಿಸ್ತೀಯ? ನನ್ ಕೈ ನಂಗೆ ಗೊತ್ತು. ಆಯಮ್ಮಂಗೆ ತೋರ್ಸು’ ಎಂದರು.

ಸಿದ್ದಗಂಗಮ್ಮನವರೇ, ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಇದೇ ಹದಿನೇಳನೇ ಫೋಟೋ, ತೆಗೆದುಕೊಳ್ಳಿ. ನಿಮ್ಮ ಯಜಮಾನರು ಇದರಲ್ಲಿ ಒಬ್ಬರೇ ಇಲ್ಲ. ಹಾರ ಹಾಕಿದ ಫೋಟೋದಲ್ಲಿ ಗಂಭೀರವಾಗಿ ಕಾಣುತ್ತಾರಲ್ಲ, ಇದರಲ್ಲಿ ನೋಡಿ, ಪಕ್ಕದವರ ಯಾವುದೋ ಮಾತಿಗೆ ನಗು ತಡೆದುಕೊಂಡು ನಿಂತಿದ್ದಾರೆ. ನೀವು ಓದಬೇಕೆಂದು ಅವರು ಹೇಳಿಕಳಿಸಿದ್ದು ನಿಜ. ಅದನ್ನು ತಂದವರು ನಿಮಗಿಂತ ಎರಡು ಸಾಲು ಹಿಂದೆ ಕೂತಿದ್ದಾರೆ. ಕ್ಷಮೆ ಕೇಳುವ ವಯಸ್ಸು ನನಗೂ ದಾಟಿದೆ, ಆದರೂ ಕೇಳುತ್ತಿದ್ದೇನೆ.

ದೊಡ್ಡಹನುಮಯ್ಯನವರೇ, ಒಂದು ಸಲ ಎಡಗೈ ಎತ್ತಿ.

ಅಮ್ಮ, ಹಿಂತಿರುಗಿ ನೋಡಿ. ಕಿರುಬೆರಳು ಇವತ್ತಿಗೂ ಸೊಟ್ಟಗೇ ಇದೆ.

ಇಷ್ಟು ಹೊತ್ತು ಅಲುಗಾಡದೆ ಕೂತು ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.