ಗೋಡೆಯ ಮೇಲಿನ ಮಿಲಿಂದ

ಗುಡಗೇರಿ ನಿಲ್ದಾಣ. ಹಿಂದಿನ ರೈಲಿನಿಂದ ಇಳಿದಿದ್ದ ತರುಣನೊಬ್ಬ ಬೆಂಚು ಬಿಟ್ಟು ಎದ್ದಿರಲಿಲ್ಲ. ಹುಬ್ಬಳ್ಳಿ ರೈಲು ಹಿಡಿಯಲು ಬಂದ ಊರ ಶಾಲೆಯ ಶಿಕ್ಷಕಿ ಅವನನ್ನು ಗುರುತು ಹಿಡಿದರು.

"ಮಿಲಿಂದ, ಮನಿಗೆ ಹೋಗದ ಇಲ್ಲ್ಯಾಕ ಕುಂತಿ?"

"ಕತ್ತಲಾಗ್ಲಿ ಅಂತ ಕುಂತೇನ್ರಿ ಅಕ್ಕೋರ. ನನ್ನ ಕಂಪನಿ ಮುಚ್ಚೇತಿ."

"ಪರದೇಶಕ್ಕ ಹೋಗೋರಿಗೂ ಅಲ್ಲಿಂದ ಬಂದೋರಿಗೂ ಭೆಟ್ಟಿ ಮಾಡಿಸಿ ಡಾಲರು-ರೂಪಾಯಿ ಅದಲುಬದಲು ಮಾಡಸ್ತಿದ್ದೆಲ್ಲ, ಅದ?"

"ಹೌದ್ರಿ. ಮೊದಲ ಭಾಳ ಮಂದಿ ಬಂದ್ರು. ಒಮ್ಮೆ ಭೆಟ್ಟಿ ಆದೋರು ಫೋನ್ ನಂಬರ್ ತಗೊಂಡು, ಆಮ್ಯಾಲೆ ತಮ್ಮತಮ್ಮೊಳಗ ಮುಗಿಸಿಕೊಂಡ್ರು."

"ಲಗ್ನ ಆದಮ್ಯಾಲೆ ನಡುವಿನವರನ್ನ ಯಾರು ಕರೀತಾರಪಾ!"

"ಕಂಪನಿ ತಗದಾಗ ನಿಮ್ಮ ಸಾಲ್ಯಾಗ ನನಗ ಸನ್ಮಾನ ಮಾಡಿದ್ರೆಲ್ಲ, ಆ ಫೋಟೋ ಗೋಡಿಯಿಂದ ತಗಸ್ರಿ."

"ಹೆಂಗ ತಗಸ್ಲಿ? ಬಿಸಿಯೂಟದ ಅಡಗಿ ಮಾಡಾಕ ಬಂದಾಗೊಮ್ಮೆ ನಿಮ್ಮವ್ವ ಅದನ್ನ ಸೆರಗಿಲೆ ಒರಸ್ತಾಳ. ಅಕಿಗೆ ಹೇಳಿಯೋ ಇಲ್ಲೋ?"



ರೈಲು ಬಂತು. ಶಿಕ್ಷಕಿಯ ಚೀಲ ಹಿಡಿದು ಬೋಗಿ ಹತ್ತಿದವನು ರೈಲು ಹೊರಟರೂ ಕೆಳಗೆ ಇಳಿಯಲೇ ಇಲ್ಲ.